ದುಡ್ಡು ಬಂತು, ಹೆಸರು ಹೋಯಿತೇ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈಚೆಗೆ ಕಾರು ಕೊಳ್ಳುವವರಿಗಿಂತ ಮಾರುವವರದೇ ಜಾಸ್ತಿ. ಮಗ ವಿದೇಶಕ್ಕೆ ಹೋದ, ಮನೆಯಲ್ಲಿ ಓಡಿಸುವವರಿಲ್ಲ. ಮೆಟ್ರೊ ಬಂದ ಮೇಲೆ ಕಾರು ಬೇಸ್‌ಮೆಂಟಿನಲ್ಲಿ ಧೂಳು ಹಿಡಿದು ನಿಂತಿದೆ. ಹೊಸದು ಬುಕ್ ಮಾಡಿದ್ದೇವೆ, ಹಳೆಯದಕ್ಕೆ ಷೋರೂಮಿನವರು ಹೇಳುವ ರೇಟು ಕೇಳಿದರೆ ಹೊಟ್ಟೆ ಉರಿಯುತ್ತದೆ. ಕಾರಣಗಳು ಬೇರೆಬೇರೆ, ಕೊನೆಯ ಸಾಲು ಮಾತ್ರ ಎಲ್ಲರದೂ ಒಂದೇ: ಎಲ್ಲಿ ಮಾರಿದರೆ ಒಳ್ಳೆ ರೇಟು ಸಿಗುತ್ತದೆ? ಹತ್ತು ಹದಿನೈದು ಸಾವಿರದ ವ್ಯತ್ಯಾಸಕ್ಕೆ ತಿಂಗಳುಗಟ್ಟಲೆ ಚೌಕಾಸಿ ಮಾಡುವ ಜನ, ಆರ್‌ಸಿಯಲ್ಲಿರುವ ತಮ್ಮ ಹೆಸರು ಯಾವತ್ತು ಹೋಗುತ್ತದೆ ಎಂದು ಕೇಳುವುದೇ ಇಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದನ್ನೇ. ಹಾಗೆಂದು ರೇಟಿನ ವಿಷಯ ಬಿಟ್ಟರೆ ನೀವು ಮುಂದಕ್ಕೆ ಓದುವುದಿಲ್ಲ ಎಂಬುದೂ ಗೊತ್ತು. ಆದ್ದರಿಂದ ಅಲ್ಲಿಂದಲೇ ಹೊರಡೋಣ.

ಹಳೆ ಕಾರಿಗೆ ಇಂತಿಷ್ಟೇ ಬೆಲೆ ಎಂದು ಯಾರೂ ಅಚ್ಚು ಹಾಕಿಟ್ಟಿಲ್ಲ. ಒಂದು ಅಂದಾಜು ಬೇಕಿದ್ದರೆ ನಿಮ್ಮ ವಿಮೆ ಪಾಲಿಸಿ ತೆಗೆದು ನೋಡಿ. ಅದರಲ್ಲಿ ಐಡಿವಿ ಎಂಬ ಮೊತ್ತ ಇರುತ್ತದೆ. ಕಾರು ಕಳವಾದರೆ ವಿಮೆ ಕಂಪನಿ ಲೆಕ್ಕ ಶುರುಮಾಡುವುದು ಅಲ್ಲಿಂದ. ಕಾರು ತಯಾರಿಸಿದ ಕಂಪನಿಯ ಮಾರಾಟ ಬೆಲೆಯಲ್ಲಿ ಮೊದಲ ಆರು ತಿಂಗಳೊಳಗೆ ಶೇ 5, ವರ್ಷದೊಳಗೆ ಶೇ 15, ಎರಡು ವರ್ಷದವರೆಗೆ ಶೇ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಹೀಗೆ ಸವಕಳಿ ಕಳೆಯುತ್ತಾರೆ. ಐದು ದಾಟಿದ ಮೇಲೆ ವಿಮೆ ಕಂಪನಿಯೂ ಮಾಲೀಕರೂ ಮಾತಾಡಿಕೊಂಡಷ್ಟು. ಪೇಟೆಯ ರೇಟು ಇದಕ್ಕೆ ಸರಿಯಾಗಿ ಹೊಂದುವುದಿಲ್ಲ. ಬಿಡಿಭಾಗ ಎಲ್ಲ ಊರಲ್ಲೂ ಸಿಗುವ, ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸಬಲ್ಲ ಸಣ್ಣ ಕಾರುಗಳು ಇದಕ್ಕಿಂತ ಹೆಚ್ಚಿಗೆ ಹೋಗುತ್ತವೆ. ಕಂಪನಿಯೇ ದೇಶ ಬಿಟ್ಟುಹೋದ ಗಾಡಿಯಾದರೆ ಅರ್ಧಕ್ಕೂ ಕೇಳುವವರಿರುವುದಿಲ್ಲ.

ಮಾರುವವರ ತಲೆಯಲ್ಲಿ ಉಳಿದಿರುವುದು ಆನ್‌ರೋಡ್ ಬೆಲೆ. ಅದರಲ್ಲಿ ಆಜೀವ ತೆರಿಗೆ ಇದೆ, ಮೊದಲ ವರ್ಷದ ವಿಮೆ ಇದೆ, ಸೀಟ್ ಕವರ್ ಇದೆ, ಪೂಜೆ ದಿನ ಷೋರೂಮಿನವರು ಕೊಟ್ಟ ಫೋಟೊ ಫ್ರೇಮಿನ ದುಡ್ಡೂ ಎಲ್ಲೋ ಸೇರಿದೆ. ಕೊಳ್ಳುವ ವ್ಯಾಪಾರಿ ಲೆಕ್ಕ ಹಾಕುವುದು ಎಕ್ಸ್ ಷೋರೂಮ್ ಬೆಲೆಯಿಂದ, ಅದೂ ಇವತ್ತಿನ ಬೇಡಿಕೆ ನೋಡಿಕೊಂಡು. ಇಬ್ಬರ ನಡುವಿನ ಜಗಳದ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿಯೇ.

ಮೈಸೂರಿನ ರಿಂಗ್ ರಸ್ತೆಯ ಬದಿಯ ಒಂದು ಹಳೆ ಕಾರಿನ ಅಂಗಡಿಗೆ ಗೆಳೆಯರೊಬ್ಬರ ಜತೆ ಹೋಗಿದ್ದೆ. ತಗಡಿನ ಷೆಡ್ಡು, ಮುಂದೆ ಬಣ್ಣದ ಬಾವುಟ ಕಟ್ಟಿದ ಹಗ್ಗ, ಸಾಲಾಗಿ ನಿಲ್ಲಿಸಿದ ಗಾಡಿಗಳು. ಗಾಡಿ ನೋಡಲು ಬಂದ ಹುಡುಗನಿಗೆ ಇಪ್ಪತ್ತೈದರ ಆಸುಪಾಸು. ಅವನು ಮೊದಲು ಮಾಡಿದ ಕೆಲಸ ಬಾನೆಟ್ ಮೇಲೆ ಅಂಗೈ ಇಟ್ಟಿದ್ದು. ಬಿಸಿ ಇದೆಯೋ ಎಂದು. ತಣ್ಣಗಿರುವ ಎಂಜಿನ್ ಬೆಳಿಗ್ಗೆ ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದರಲ್ಲಿ ಅದರ ಆರೋಗ್ಯ ಗೊತ್ತಾಗುತ್ತದೆ, ಅದಕ್ಕೇ ಕೆಲವರು ಮನೆಯಲ್ಲೇ ಬಿಸಿ ಮಾಡಿಕೊಂಡು ಬರುತ್ತಾರಂತೆ. ಆಮೇಲೆ ಬಾನೆಟ್ ಎತ್ತಿ ಆಯಿಲ್ ಮುಚ್ಚಳ ತಿರುವಿ ಒಳಭಾಗ ನೋಡಿದ. ಅಲ್ಲಿ ಹಾಲಿನ ಕೆನೆಯ ಹಾಗೆ ಬೆಳ್ಳಗೆ ಕಟ್ಟಿದ್ದರೆ ಎಣ್ಣೆಗೆ ನೀರು ಸೇರುತ್ತಿರಬಹುದು. ಬಾಗಿಲಿನ ರಬ್ಬರ್ ಬೀಡಿಂಗ್ ಮೆಲ್ಲಗೆ ಎಳೆದು, ಅದರ ಕೆಳಗಿನ ತಗಡಿನಲ್ಲಿ ಕಂಪನಿ ಹಾಕಿದ ವೆಲ್ಡಿಂಗ್ ಚುಕ್ಕೆಗಳು ಸಾಲಾಗಿವೆಯೇ ಎಂದು ಬೆರಳಾಡಿಸಿದ. ಅಪಘಾತವಾಗಿ ಟಿಂಕರಿಂಗ್ ಮಾಡಿದ್ದರೆ ಆ ಚುಕ್ಕೆಗಳು ಅಳಿಸಿಹೋಗಿರುತ್ತವೆ. ಟೈರಿನ ಬದಿಯ ನಾಲ್ಕಂಕಿಯನ್ನು ಮೊಬೈಲ್ ಬೆಳಕು ಬಿಟ್ಟು ಓದಿದ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಮೀಟರಿನಲ್ಲಿ ಇಪ್ಪತ್ತು ಸಾವಿರ ಕಿಲೋಮೀಟರ್ ತೋರಿಸುವ ಗಾಡಿಗೆ ನಾಲ್ಕೂ ಟೈರು ಹೊಸದಾಗಿದ್ದರೆ ಅವನಿಗೆ ಅನುಮಾನ ಬರುತ್ತದೆ. ಡಿಕ್ಕಿಯ ಕಾರ್ಪೆಟ್ ಎತ್ತಿ ಮೂಸಿಯೂ ನೋಡಿದ. ಮಳೆ ನೀರಲ್ಲಿ ಮುಳುಗಿದ ಗಾಡಿಯ ಮುಗ್ಗಲು ವಾಸನೆ ಎಷ್ಟು ಶಾಂಪೂ ಹಾಕಿದರೂ ಹೋಗುವುದಿಲ್ಲ. ಮಂಗಳೂರು, ಉಡುಪಿ ಕಡೆಯ ನಂಬರಾದರೆ ಕೆಳಗೆ ಮಲಗಿ ತುಕ್ಕು ನೋಡುತ್ತೇವೆ ಎಂದ.

ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುತ್ತಾ, "ಅಣ್ಣ, ಗಾಡಿ ಚೆನ್ನಾಗಿ ಇಟ್ಕೊಂಡಿದೀರ. ಆದ್ರೆ ಎಡಗಡೆ ಫೆಂಡರ್ ಬಿಚ್ಚಿದಾರೆ" ಎಂದ. ಬೋಲ್ಟಿನ ತಲೆಯ ಮೇಲಿನ ಬಣ್ಣ ಸ್ವಲ್ಪ ಕಿತ್ತಿತ್ತು, ಅಷ್ಟೇ.

"ಅದೇನಿಲ್ಲಪ್ಪ, ಮನೆ ಗೇಟಿಗೆ ತಗುಲಿದ್ದು" ಎಂದರು ನಮ್ಮ ಗೆಳೆಯರು.

"ಇರಬಹುದು ಅಣ್ಣ, ನಾನು ಇಲ್ಲ ಅನ್ನಲ್ಲ. ನಾಳೆ ನನ್ನತ್ರ ತಗೊಳ್ಳೋನು ಇದನ್ನೇ ಕೇಳ್ತಾನಲ್ಲ, ಅವನಿಗೆ ನಾನೇನು ಹೇಳ್ಲಿ?"

ಆ ಒಂದು ಮಾತಿಗೆ ರೇಟು ಇಳಿಯಿತು. ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಮೆಚ್ಚುಗೆಯೇ ಆಯಿತು. ವ್ಯಾಪಾರಿ ನಿಮ್ಮ ಕಾರನ್ನು ಕೊಳ್ಳುವುದು ಓಡಿಸಲಿಕ್ಕಲ್ಲ, ಮತ್ತೆ ಮಾರಲಿಕ್ಕೆ. ಮುಂದಿನ ಗಿರಾಕಿ ಎತ್ತಬಹುದಾದ ತಕರಾರನ್ನೆಲ್ಲ ಅವನು ಇವತ್ತೇ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಹಾಗಾಗಿ ಮಾರುವ ಮುಂಚೆ ಇಡೀ ಕಾರಿಗೆ ಪೇಂಟ್ ಹೊಡೆಸುವ ಉಮೇದು ಬೇಡ. ಹೊಸ ಬಣ್ಣ ನೋಡಿದ ತಕ್ಷಣ ಏನನ್ನೋ ಮುಚ್ಚಿದ್ದಾರೆ ಎಂದೇ ಅಂದುಕೊಳ್ಳುತ್ತಾರೆ. ಚೆನ್ನಾಗಿ ತೊಳೆಸಿ, ಒಳಗೆ ಗುಡಿಸಿ, ಸರ್ವೀಸ್ ಬಿಲ್ಲುಗಳನ್ನೂ ಎರಡನೇ ಕೀಲಿಯನ್ನೂ ಹುಡುಕಿಡಿ. ಸರ್ವೀಸ್ ಹಿಸ್ಟರಿಗೆ ಇರುವ ಬೆಲೆ ಪಾಲಿಷಿಗೆ ಇಲ್ಲ.

ಎಲ್ಲಿ ಮಾರುವುದು ಎಂಬುದಕ್ಕೆ ನನ್ನ ಉತ್ತರ ಚಿಕ್ಕದು. ನೇರವಾಗಿ ಓಡಿಸುವವರಿಗೇ ಕೊಟ್ಟರೆ ರೇಟು ಹೆಚ್ಚು, ತಲೆನೋವೂ ಹೆಚ್ಚು. ನೆಂಟರಿಗೆ ಕೊಟ್ಟರೆ ಮುಂದಿನ ಐದು ವರ್ಷ ಅದರ ಪ್ರತಿ ಪಂಕ್ಚರಿಗೂ ನೀವೇ ಜವಾಬ್ದಾರರು. ಅಂಗಡಿಯವರಿಗೆ ಕೊಟ್ಟರೆ ಅವರ ಲಾಭದಷ್ಟು ಕಡಿಮೆ, ಆದರೆ ಬೇಗ ಮುಗಿಯುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ ಮೊದಲು ಬರುವ ದೊಡ್ಡ ಅಂಕಿಯನ್ನು ಯಾರೂ ನಂಬಬಾರದು. ಅದು ನಿಮ್ಮನ್ನು ಕರೆಸಿಕೊಳ್ಳುವ ಅಂಕಿ. ತಪಾಸಣೆಗೆ ಬಂದವರು ಬಣ್ಣದ ದಪ್ಪ ಅಳೆಯುವ ಯಂತ್ರ ಹಿಡಿದು ಸುತ್ತು ಹಾಕಿದ ಮೇಲೆ ಬರುವುದೇ ನಿಜವಾದ ಅಂಕಿ. ಷೋರೂಮಿನ ಎಕ್ಸ್‌ಚೇಂಜಿನಲ್ಲಿ ಹಳೆಯದಕ್ಕೆ ಕೊಟ್ಟಂತೆ ಮಾಡಿ ಹೊಸದರ ರಿಯಾಯಿತಿಯಲ್ಲಿ ಹಿಡಿದುಕೊಳ್ಳುವುದುಂಟು. ಹಳೆ ಕಾರು ಕೊಡದೆ ಕೊಂಡರೆ ಹೊಸದು ಎಷ್ಟಕ್ಕೆ ಕೊಡುತ್ತೀರಿ ಎಂದು ಮೊದಲು ಕೇಳಿ, ಬರೆಸಿಕೊಳ್ಳಿ. ಆಮೇಲೆ ಹಳೆಯದರ ಮಾತು.

ಈಗ ನಗದಿನ ವಿಷಯ. ವೈಪರಿನ ಕೆಳಗೆ ಸಿಕ್ಕಿಸಿ ಹೋಗುವ ಚೀಟಿಗಳಲ್ಲಿ ದಪ್ಪಕ್ಷರದಲ್ಲಿ ಇರುವುದು ಒಂದೇ ಆಮಿಷ: ಸ್ಥಳದಲ್ಲೇ ಕ್ಯಾಷ್. ಕಟ್ಟು ಕಟ್ಟು ನೋಟು ಎಣಿಸಿಕೊಳ್ಳುವುದರಲ್ಲಿ ನಮ್ಮ ಜನಕ್ಕೆ ಈಗಲೂ ಒಂದು ಸಮಾಧಾನ. ಆದರೆ 2017ರ ಏಪ್ರಿಲ್ 1ರಿಂದ ಒಂದು ವ್ಯವಹಾರಕ್ಕೆ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಯಾರೂ ಪಡೆಯುವಂತಿಲ್ಲ. ಸೋಮವಾರ ಒಂದು ಲಕ್ಷ, ಬುಧವಾರ ಒಂದೂವರೆ ಲಕ್ಷ ಎಂದು ಒಡೆದು ಕೊಟ್ಟರೂ ವ್ಯವಹಾರ ಒಂದೇ ಆದ್ದರಿಂದ ತಪ್ಪು ತಪ್ಪೇ. ಗಮನಿಸಿ, ದಂಡ ಬೀಳುವುದು ಕೊಟ್ಟವರಿಗಲ್ಲ, ತೆಗೆದುಕೊಂಡವರಿಗೆ. ಅಂದರೆ ಮಾರಿದ ನಿಮಗೆ. ದಂಡದ ಮೊತ್ತ ಎಷ್ಟು ಎಂದರೆ ತೆಗೆದುಕೊಂಡ ನಗದಿನಷ್ಟೇ. ಮೂರು ಲಕ್ಷ ನಗದು ಪಡೆದರೆ ದಂಡವೂ ಮೂರು ಲಕ್ಷದವರೆಗೆ ಹೋಗಬಹುದು.

ತಮಾಷೆಯೆಂದರೆ ಇದರಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ. ಮನೆಯ ಬಳಕೆಗೆ ಇಟ್ಟುಕೊಂಡ ಕಾರನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿ ಎಂದು ಎಣಿಸುವುದಿಲ್ಲ. ಮಾರಿದ ದುಡ್ಡಿಗೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ, ನಷ್ಟವಾಯಿತೆಂದು ತೋರಿಸಿಕೊಳ್ಳಲೂ ಬರುವುದಿಲ್ಲ. ಅಂಗಡಿಯ ಲೆಕ್ಕದಲ್ಲಿ, ಕ್ಲಿನಿಕ್ಕಿನ ಲೆಕ್ಕದಲ್ಲಿ ಕಾರಿನ ಸವಕಳಿ ತೋರಿಸಿದವರು ಮಾತ್ರ ಆಡಿಟರನ್ನು ಕೇಳಬೇಕು. ಹಳೆ ಕಾರಿಗೆ ಶೇ 18 ಜಿಎಸ್‌ಟಿ ಎಂಬ ಸುದ್ದಿ 2024ರ ಡಿಸೆಂಬರಿನಲ್ಲಿ ಜೈಸಲ್ಮೇರ್‌ನ ಜಿಎಸ್‌ಟಿ ಮಂಡಳಿ ಸಭೆಯಿಂದ ಬಂದಾಗಲೂ ಬಹಳ ಮಂದಿ ಗಾಬರಿಯಾಗಿದ್ದರು. ಅದು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳಿಗೆ, ಅದೂ ಅವರ ಲಾಭದ ಅಂತರದ ಮೇಲೆ. ನೀವು ನಿಮ್ಮ ಸ್ವಂತ ಕಾರನ್ನು ಪಕ್ಕದ ಬೀದಿಯವರಿಗೆ ಮಾರಿದರೆ ಅದರ ಗೊಡವೆ ಇಲ್ಲ. ಹಾಗಿದ್ದ ಮೇಲೆ ದುಡ್ಡು ಬ್ಯಾಂಕಿಗೇ ಬರಲಿ. ಮಾರಿದ ದಿನಾಂಕಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಬ್ಯಾಂಕು, ಯುಪಿಐ ಎಂದಾಗ ಒಂದು ಎಚ್ಚರಿಕೆ. ಜಾಹೀರಾತು ಹಾಕಿದ ಹತ್ತು ನಿಮಿಷಕ್ಕೆ ಫೋನು ಬರುತ್ತದೆ. ತಾನು ಸೇನೆಯಲ್ಲಿದ್ದೇನೆ, ಗಾಡಿ ನೋಡುವ ಅಗತ್ಯವಿಲ್ಲ, ಅಡ್ವಾನ್ಸ್ ಹಾಕುತ್ತೇನೆ ಎನ್ನುವ ದನಿ. ಹಿಂದೆಯೇ ಒಂದು ಕ್ಯೂಆರ್ ಕೋಡ್. ದುಡ್ಡು ಬರಬೇಕಾದವರು ಯಾವ ಕೋಡನ್ನೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ಗಾಡಿ ನೋಡದೆ ಕೊಳ್ಳುವ ಗಿರಾಕಿ ಈ ಭೂಮಿಯ ಮೇಲಿಲ್ಲ.

ಇನ್ನು ಹೆಸರಿಗೆ ಬರೋಣ. ಸಾಮಾನ್ಯವಾಗಿ ಆಗುವುದು ಹೀಗೆ. ರೇಟು ಕುದುರುತ್ತದೆ, ಬ್ರೋಕರ್ ಒಂದು ಛಾಪಾ ಕಾಗದದ ಮೇಲೆ ಡೆಲಿವರಿ ನೋಟ್ ಟೈಪ್ ಮಾಡಿಸಿ ತರುತ್ತಾನೆ. ಇಂಥ ದಿನ, ಇಂಥ ಗಂಟೆಗೆ ಗಾಡಿ ಒಪ್ಪಿಸಿಕೊಂಡಿದ್ದೇವೆ, ಇನ್ನು ಮುಂದೆ ಏನೇ ಆದರೂ ಕೊಂಡವರೇ ಹೊಣೆ ಎಂಬ ಒಕ್ಕಣೆ. ಜತೆಗೆ ಮಾಲೀಕತ್ವ ವರ್ಗಾವಣೆಯ ಟಿಟಿಒ ಫಾರಂ ಎಂದು ಫಾರಂ 29, ಫಾರಂ 30ರ ಖಾಲಿ ಹಾಳೆಗಳು. ಎಲ್ಲಿ ಪೆನ್ಸಿಲ್ ಗುರುತು ಹಾಕಿದೆಯೋ ಅಲ್ಲೆಲ್ಲ ನೀವು ಸಹಿ ಹಾಕುತ್ತೀರಿ. ಕೊಳ್ಳುವವರ ಹೆಸರಿನ ಜಾಗ ಖಾಲಿ. ಯಾಕಪ್ಪಾ ಎಂದರೆ, "ಪಾರ್ಟಿ ಸಿಕ್ಕಿದ ಮೇಲೆ ನೇರ ಅವರ ಹೆಸರಿಗೇ ಮಾಡಿಸ್ತೀವಿ ಸಾರ್, ನಮ್ಮ ಹೆಸರಿಗೆ ಮಾಡಿದ್ರೆ ಓನರ್ ನಂಬರ್ ಏರುತ್ತೆ."

ಅವನು ಹೇಳುವುದು ಸುಳ್ಳಲ್ಲ. ಸಿಂಗಲ್ ಓನರ್ ಗಾಡಿಗೆ ಇರುವ ರೇಟು ಥರ್ಡ್ ಓನರ್ ಗಾಡಿಗೆ ಇಲ್ಲ. ಬ್ರೋಕರ್ ನಡುವೆ ತನ್ನ ಹೆಸರು ತೂರಿಸಿದರೆ ಅವನಿಗೇ ನಷ್ಟ, ಶುಲ್ಕವೂ ಎರಡು ಸಲ. ಆದರೆ ಅವನ ನಷ್ಟ ತಪ್ಪಿಸಲು ನೀವು ಹೊರುವ ಹೊರೆ ಯಾವುದು ಎಂಬುದನ್ನು ಯಾರೂ ಹೇಳುವುದಿಲ್ಲ. ಆ ಗಾಡಿ ಷೆಡ್ಡಿನಲ್ಲಿ ನಿಂತಿರುವಷ್ಟು ಕಾಲ, ಟೆಸ್ಟ್ ಡ್ರೈವಿಗೆ ಹೋಗುವಷ್ಟು ಸಲ, ಇನ್ನೊಬ್ಬ ಬ್ರೋಕರ್ ಕೈಗೆ ದಾಟಿದ ಮೇಲೂ ಸರ್ಕಾರದ ಲೆಕ್ಕದಲ್ಲಿ ಮಾಲೀಕರು ನೀವೇ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಮಾಲೀಕ ಎಂದರೆ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರು. ದುಡ್ಡು ಕೊಟ್ಟವರು ಯಾರು, ಕೀಲಿ ಯಾರ ಜೇಬಿನಲ್ಲಿದೆ ಎಂಬುದಲ್ಲ.

2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣ ಇದಕ್ಕೆ ಪಾಠದಂತಿದೆ. ಮಾಲೀಕರು ಕಾರು ಮಾರಿದ್ದು 2007ರಲ್ಲಿ. ಅದು ಅಲ್ಲಿಂದ ಇನ್ನೊಬ್ಬರಿಗೆ, ಮತ್ತೊಬ್ಬರಿಗೆ ಹೋಯಿತು. ಆರ್‌ಸಿ ಯಾರ ಹೆಸರಿಗೂ ಬದಲಾಗಲಿಲ್ಲ. 2009ರ ಮೇ ತಿಂಗಳಲ್ಲಿ ಆ ಕಾರು ರಿವರ್ಸ್ ಬರುವಾಗ ರಸ್ತೆಯಲ್ಲಿದ್ದ ಇಬ್ಬರಿಗೆ ಗುದ್ದಿ ಒಂದು ಜೀವ ಹೋಯಿತು. ಪರಿಹಾರ ಕೊಡಬೇಕಾದವರು ಯಾರು? ಹೈಕೋರ್ಟ್ ಕಾರು ಯಾರ ಕೈಯಲ್ಲಿತ್ತೋ ಅವರ ಕಡೆ ಬೆರಳು ತೋರಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ನೋಂದಣಿಯಲ್ಲಿ ಹೆಸರಿದ್ದವರೇ ಹೊಣೆ ಎಂದಿತು. ನೊಂದವರು ಗಾಡಿ ಯಾರಿಂದ ಯಾರಿಗೆ ಹೋಯಿತು ಎಂದು ಬೆನ್ನು ಹತ್ತಿಕೊಂಡು ತಿರುಗಬೇಕೇ ಎಂಬುದು ನ್ಯಾಯಪೀಠದ ತರ್ಕ. ನೊಂದವರ ಕಡೆ ನಿಂತು ನೋಡಿದರೆ ಅದು ನ್ಯಾಯವಾದದ್ದೇ. ಮಾರಿ ಎರಡು ವರ್ಷವಾದ ಕಾರಿಗೆ ಪರಿಹಾರ ಕಟ್ಟಬೇಕಾದವರ ಕಡೆಯಿಂದ ನೋಡಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಇದಕ್ಕಿಂತ ಭಯಂಕರವಾದದ್ದೂ ನಮ್ಮ ಕಣ್ಣೆದುರಿಗೇ ಆಯಿತು. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆ ಬಳಿ ಸ್ಫೋಟಗೊಂಡ ಕಾರು ಹಲವು ಕೈ ದಾಟಿ ಬಂದದ್ದಾಗಿತ್ತು. ಪೊಲೀಸರು ಅದರ ನಂಬರ್ ಹಿಡಿದು ಮೊದಲು ಹೋದದ್ದು ಎಂದೋ ಅದನ್ನು ಮಾರಿದ್ದ ಗುರುಗ್ರಾಮದ ವ್ಯಕ್ತಿಯ ಮನೆಗೆ. ಪೊಲೀಸರು ಬೇರೆಲ್ಲಿಗೆ ಹೋಗಲು ಸಾಧ್ಯ? ಅವರ ಕೈಯಲ್ಲಿರುವುದು ನಂಬರು, ನಂಬರಿನ ಹಿಂದಿರುವುದು ಹೆಸರು.

ಅಷ್ಟು ದೊಡ್ಡದು ನಮಗೇಕೆ ಎನ್ನುವವರಿಗೆ ಸಣ್ಣದೂ ಇದೆ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಈಗ ದಂಡ ಹಾಕುವುದು ಕ್ಯಾಮೆರಾ, ನೋಟಿಸ್ ಹೋಗುವುದು ಆರ್‌ಸಿ ವಿಳಾಸಕ್ಕೆ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಸರ್ಕಾರ ಶೇ 50 ರಿಯಾಯಿತಿ ಕೊಟ್ಟಾಗ ನನ್ನ ಪರಿಚಯದವರೊಬ್ಬರು ಸುಮ್ಮನೆ ಕುತೂಹಲಕ್ಕೆ ತಾವು ಎಂದೋ ಮಾರಿದ್ದ ಕಾರಿನ ನಂಬರ್ ಹಾಕಿ ನೋಡಿದರು. ಹೆಲ್ಮೆಟ್ ಒಂದು ಬಿಟ್ಟು ಉಳಿದ ಎಲ್ಲ ಅಪರಾಧಗಳೂ ಅವರ ಹೆಸರಿನಲ್ಲಿದ್ದವು. ಕೊಂಡಾತನ ಫೋನು ಸ್ವಿಚ್ ಆಫ್.

ಕಾನೂನು ಏನು ಹೇಳುತ್ತದೆ ಎಂಬುದು ಕಷ್ಟದ್ದೇನಲ್ಲ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ರಾಜ್ಯದೊಳಗೇ ಮಾರಿದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅದೇ ಫಾರಂ 29. ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ವರ್ಗಾವಣೆಗೆ ಅರ್ಜಿ ಕೊಡಬೇಕು. ಅದು ಫಾರಂ 30. ಬೇರೆ ರಾಜ್ಯಕ್ಕೆ ಹೋಗುವುದಾದರೆ ಫಾರಂ 28ರಲ್ಲಿ ಎನ್‌ಒಸಿ, ಸಾಲ ಇದ್ದರೆ ಬ್ಯಾಂಕಿನ ಪತ್ರದ ಜತೆ ಫಾರಂ 35. ಈಗ ಅರ್ಜಿ ಪರಿವಾಹನ್ ಪೋರ್ಟಲಿನಲ್ಲೇ ಶುರುವಾಗುತ್ತದೆ, ಒಟಿಪಿ ಬರುವುದು ದಾಖಲೆಯಲ್ಲಿರುವ ಮೊಬೈಲಿಗೆ. ಎಷ್ಟೋ ಮಂದಿಯ ಆರ್‌ಸಿಯಲ್ಲಿ ಇರುವುದು ಕಾರು ಕೊಂಡಾಗಿನ ಹಳೆ ನಂಬರು, ಇಲ್ಲವೇ ಷೋರೂಮಿನವರು ಹಾಕಿದ ಯಾವುದೋ ನಂಬರು. ಮಾರುವ ಯೋಚನೆ ಬಂದ ದಿನವೇ ಅದನ್ನು ಸರಿಪಡಿಸಿಕೊಳ್ಳಿ. ಇಲ್ಲದಿದ್ದರೆ ಗಿರಾಕಿ ಎದುರಿಗೆ ಕೂತಿರುವಾಗ ಒಟಿಪಿ ಇನ್ನಾರದೋ ಫೋನಿಗೆ ಹೋಗುತ್ತದೆ.

ಬ್ರೋಕರ್‌ನ 'ಓನರ್ ನಂಬರ್ ಏರುತ್ತೆ' ಎಂಬ ತಕರಾರಿಗೂ ಸರ್ಕಾರ ಒಂದು ದಾರಿ ಮಾಡಿದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಂತೆ ಹಳೆ ವಾಹನದ ವ್ಯಾಪಾರಿ ಆರ್‌ಟಿಒದಿಂದ ಅಧಿಕೃತ ಪತ್ರ ಪಡೆಯಬೇಕು. ನೀವು ಗಾಡಿ ಒಪ್ಪಿಸಿದಾಗ ಫಾರಂ 29ಸಿಯಲ್ಲಿ ಇಬ್ಬರೂ ಆನ್‌ಲೈನಿನಲ್ಲಿ ತಿಳಿಸಬೇಕು. ಅಲ್ಲಿಂದಾಚೆಗೆ ಆ ವ್ಯಾಪಾರಿಯೇ ಮಾಲೀಕನೆಂದು ಭಾವಿಸಲಾಗುತ್ತದೆ, ಆಗುಹೋಗುಗಳಿಗೆಲ್ಲ ಅವನೇ ಹೊಣೆ. ಗಾಡಿ ಎಲ್ಲೆಲ್ಲಿಗೆ ಹೋಯಿತು ಎಂಬ ಲೆಕ್ಕವನ್ನೂ ಅವನು ಇಡಬೇಕು. ಒಳ್ಳೆಯ ನಿಯಮ. ಆದರೆ ರಿಂಗ್ ರಸ್ತೆಯ ಆ ಷೆಡ್ಡಿನಲ್ಲಿ 29ಸಿ ಎಂದು ಕೇಳಿದಾಗ ಹುಡುಗ ನನ್ನ ಮುಖ ನೋಡಿದ. ನಾವು ಗಿರಾಕಿಗಳು ಕೇಳುವುದಿಲ್ಲ, ಆದ್ದರಿಂದ ಅವರು ಮಾಡುವುದಿಲ್ಲ. ವ್ಯಾಪಾರಿಗೆ ಮಾರುವವರು ರೇಟಿನ ಮಾತು ಎತ್ತುವ ಮುಂಚೆ ಅಧಿಕೃತ ಪತ್ರ ಇದೆಯೇ, 29ಸಿ ಮಾಡುತ್ತೀರಾ ಎಂದು ಕೇಳಬೇಕು. ಮಾಡುತ್ತೇನೆ ಎನ್ನುವವನಿಗೆ ಐದು ಸಾವಿರ ಕಡಿಮೆಗೆ ಕೊಟ್ಟರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ವಿಮೆ ಮತ್ತು ಫಾಸ್ಟ್ಯಾಗ್ ಬಗ್ಗೆ ಎರಡೇ ಮಾತು. ಪಾಲಿಸಿ ಕಾರಿನ ಜತೆ ಕೊಂಡವರಿಗೆ ಹೋಗುತ್ತದೆ, ಅವರು 14 ದಿನದೊಳಗೆ ಕಂಪನಿಗೆ ತಿಳಿಸಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆದರೆ ಕ್ಲೇಮು ಮಾಡದೆ ನೀವು ವರ್ಷಗಟ್ಟಲೆ ಕೂಡಿಸಿಕೊಂಡ ನೋ ಕ್ಲೇಮ್ ಬೋನಸ್ ನಿಮ್ಮದು, ಕಾರಿನದಲ್ಲ. ಅದು ಶೇ 50ರವರೆಗೂ ಇರಬಹುದು. ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿನ ವಿಮೆಗೆ ಬಳಸಿಕೊಳ್ಳಬಹುದು. ಹತ್ತು ಸಾವಿರಕ್ಕೆ ಚೌಕಾಸಿ ಮಾಡಿದವರು ಅಷ್ಟೇ ಬೆಲೆಯ ಈ ಪತ್ರವನ್ನು ಕೇಳುವುದೇ ಮರೆಯುತ್ತಾರೆ. ಫಾಸ್ಟ್ಯಾಗನ್ನು ಕಿತ್ತು, ಬ್ಯಾಂಕಿನಲ್ಲಿ ಮುಚ್ಚಿಸಿ. ಗಾಜಿನಿಂದ ಕಿತ್ತ ಮಾತ್ರಕ್ಕೆ ಖಾತೆ ಮುಚ್ಚಿದಂತಲ್ಲ.

ಹದಿನೈದು ವರ್ಷ ದಾಟಿದ ಕಾರುಗಳದು ಬೇರೆ ಕಥೆ. ಹದಿನೈದಾದ ಮೇಲೆ ಗುಜರಿಗೆ ಹಾಕಲೇಬೇಕಂತೆ ಎಂದು ಬರೆಯುವವರು ಬಹಳ. ಈ ಮಾತನ್ನು ಹಬ್ಬಿಸಿದವರಲ್ಲಿ ಅಗ್ಗಕ್ಕೆ ಎತ್ತಿಕೊಂಡು ಹೋಗುವ ಬ್ರೋಕರ್‌ಗಳ ಪಾಲೂ ಇದೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳ ನಿರ್ಬಂಧ ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಣ ಪ್ರದೇಶಕ್ಕೆ, ಅಲ್ಲಿನ ಹೊಗೆಯ ಕಾರಣಕ್ಕೆ. ಆ ಗಾಡಿಗಳೇ ಅಗ್ಗವಾಗಿ ನಮ್ಮ ಕಡೆಗೂ ಬರುತ್ತವೆ. ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಅಂಥ ವಯಸ್ಸಿನ ಗಡಿ ಇಲ್ಲ. ಎಫ್‌ಸಿ ಮಾಡಿಸಿ ಐದೈದು ವರ್ಷ ನೋಂದಣಿ ಮುಂದುವರಿಸಬಹುದು. ದುಬಾರಿ ಮಾತ್ರ ಆಗಿದೆ. ಮೊದಲು 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ 10,000. ಕಾರಿನ ಬೆಲೆಯೇ ಮೂವತ್ತು ಸಾವಿರ ಎಂದಾಗ ಈ ಖರ್ಚು ಮಾಡಿ ಮಾರುವುದೋ, ಹಾಗೇ ಕೊಡುವುದೋ ಎಂದು ಕೂತು ಲೆಕ್ಕ ಹಾಕಬೇಕು.

ಓಡುವ ಸ್ಥಿತಿಯಲ್ಲಿಲ್ಲದಿದ್ದರೆ ಗುಜರಿಯೇ ಸರಿ. ಆದರೆ ಯಾವ ಗುಜರಿ? ತೂಕಕ್ಕೆ ದುಡ್ಡು ಕೊಟ್ಟು, ಟೋ ಮಾಡಿಕೊಂಡು ಹೋಗುವವರು ಬೀದಿಗೊಬ್ಬರು ಸಿಗುತ್ತಾರೆ. ಕಾರು ಚೂರುಚೂರಾಗಿ ಬಿಡಿಭಾಗದ ಪೇಟೆ ಸೇರುತ್ತದೆ. ನಿಮ್ಮ ಆರ್‌ಸಿ, ನಂಬರ್ ಪ್ಲೇಟು, ಚಾಸಿ ನಂಬರಿನ ತಗಡು ಎಲ್ಲಿಗೆ ಹೋಯಿತು ಎಂದು ಗೊತ್ತಾಗುವುದಿಲ್ಲ. ಕದ್ದ ಅದೇ ಮಾಡೆಲಿನ ಗಾಡಿಗೆ ಗುಜರಿ ಗಾಡಿಯ ನಂಬರು ಅಂಟಿಸಿ ಓಡಿಸುವುದು ಹಳೆಯ ದಂಧೆ. 2021ರಲ್ಲಿ ಬಂದ ನಿಯಮಗಳಡಿ ನೋಂದಾಯಿತ ಸ್ಕ್ರ್ಯಾಪ್ ಘಟಕಗಳಿವೆ. ಅವರು ಕಾರು ಪಡೆದು ಠೇವಣಿ ಪ್ರಮಾಣಪತ್ರ ಕೊಡುತ್ತಾರೆ, ನೋಂದಣಿ ರದ್ದಾಗುತ್ತದೆ. ಆ ಪತ್ರ ತೋರಿಸಿದರೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ರಾಜ್ಯಗಳು ಶೇ 25ರವರೆಗೆ ರಿಯಾಯಿತಿ ಕೊಡಲು ಅವಕಾಶವಿದೆ. ಬೀದಿಯ ಗುಜರಿಯವ ನಾಲ್ಕು ಸಾವಿರ ಹೆಚ್ಚು ಕೊಡಬಹುದು, ಪ್ರಮಾಣಪತ್ರ ಕೊಡಲಾರ.

ಕೊನೆಗೆ, ನನಗೆ ಬರುವ ಪತ್ರಗಳಲ್ಲಿ ಓದಲು ಕಷ್ಟವಾಗುವ ಬಗೆಯದು. ಯಜಮಾನರು ತೀರಿಕೊಂಡಿದ್ದಾರೆ, ಕಾರು ಅವರ ಹೆಸರಿನಲ್ಲಿದೆ, ಮನೆಯವರಿಗೆ ಓಡಿಸಲು ಬರುವುದಿಲ್ಲ. ಬಂದ ಬ್ರೋಕರ್ ಬಹಳ ಒಳ್ಳೆಯವನ ಹಾಗೆ, "ಅಮ್ಮ, ಆರ್‌ಟಿಒಗೆಲ್ಲ ಯಾಕೆ ಅಲೀತೀರ, ಸಾಹೇಬರ ಸೈನ್ ನೀವೇ ಹಾಕ್ಬಿಡಿ" ಎನ್ನುತ್ತಾನೆ. ದಯವಿಟ್ಟು ಹಾಕಬೇಡಿ. ಅದು ಫೋರ್ಜರಿ. ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು, ಆಮೇಲೆ ಮಾರಬೇಕು. ತಡವಾಗಿದ್ದರೂ ದಾರಿ ಮುಚ್ಚಿಲ್ಲ. 2021ರಿಂದ ಆರ್‌ಸಿಗೆ ನಾಮಿನಿ ಹೆಸರು ಸೇರಿಸಲು ಅವಕಾಶವಿದೆ. ಬ್ಯಾಂಕ್ ಖಾತೆಗೆ ನಾಮಿನಿ ಬರೆಸುವ ನಾವು ಕಾರಿಗೆ ಬರೆಸುವುದಿಲ್ಲ.

ಈ ಬರಹ ಓದಿದ ಮೇಲೆ ಒಂದು ಕೆಲಸ ಮಾಡಿ. ಹಿಂದೆ ನೀವು ಮಾರಿದ ಕಾರು, ಸ್ಕೂಟರುಗಳ ನಂಬರು ನೆನಪಿಸಿಕೊಂಡು ಎಂ-ಪರಿವಾಹನ್ ಆ್ಯಪಿನಲ್ಲಿ ಒಂದೊಂದಾಗಿ ಹಾಕಿ ನೋಡಿ. ಪೂರ್ತಿ ಹೆಸರು ಕಾಣದಿದ್ದರೂ ಕಾಣುವ ಅಕ್ಷರಗಳಲ್ಲೇ ನಿಮ್ಮದೋ ಅಲ್ಲವೋ ಗೊತ್ತಾಗುತ್ತದೆ. ಇನ್ನೂ ನಿಮ್ಮದೇ ಇದ್ದರೆ ಡೆಲಿವರಿ ನೋಟ್, ಕೊಂಡವರ ಗುರುತಿನ ಚೀಟಿಯ ಪ್ರತಿ, ದುಡ್ಡು ಬಂದ ಬ್ಯಾಂಕ್ ದಾಖಲೆ ಇಟ್ಟುಕೊಂಡು ಆರ್‌ಟಿಒಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ, ಕೊಂಡವರ ಬೆನ್ನು ಹತ್ತಿ ವರ್ಗಾವಣೆ ಮುಗಿಸಿ. ಮುಂದಿನ ಸಲ ನನಗೆ ಪತ್ರ ಬರೆಯುವವರು ಎಷ್ಟಕ್ಕೆ ಮಾರಿದಿರಿ ಎಂಬುದರ ಜತೆಗೆ, ಹೆಸರು ಯಾವ ದಿನ ಬದಲಾಯಿತು ಎಂಬುದನ್ನೂ ಬರೆಯಿರಿ.